ಸೇನೆಯ ವೆಚ್ಚ, ನಿರುದ್ಯೋಗದ ಲೆಕ್ಕ: ಉತ್ತರ ಹೇಳಬೇಕಾದವರು ಯಾರು?

ಪಾಲುದಾರಿಕೆ ಸಂಸ್ಥೆಯೊಂದರಲ್ಲಿ ದೊಡ್ಡ ಖರ್ಚೊಂದು ನಡೆಯಿತೆಂದು ಭಾವಿಸೋಣ. ಉಳಿದ ಪಾಲುದಾರರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಈ ಖರ್ಚಿಗೆ ಒಪ್ಪಿಗೆ ಕೊಟ್ಟವರು ಯಾರು? ಒಪ್ಪಿದ ಮೊತ್ತಕ್ಕೂ ಆದ ಖರ್ಚಿಗೂ ತಾಳೆಯಾಗುತ್ತದೆಯೇ? ಇದರಿಂದ ಸಂಸ್ಥೆಗೆ ಬಂದ ಫಲವೇನು, ಬೇರೆ ಯಾವ ಬಾಬಿಗೆ ಹಣ ಕಡಿಮೆಯಾಯಿತು? ಮೊದಲನೆಯದು ಮಂಜೂರಾತಿ, ಎರಡನೆಯದು ಲೆಕ್ಕ ಪರಿಶೋಧನೆ, ಮೂರನೆಯದು ವಿವೇಚನೆ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ವಹಿ ಪುಸ್ತಕಗಳು ಎಷ್ಟೇ ಅಚ್ಚುಕಟ್ಟಾಗಿದ್ದರೂ ಸಂಸ್ಥೆ ಕ್ಷೇಮವಾಗಿದೆಯೆಂದು ಹೇಳಲಾಗದು.

ಸರ್ಕಾರದ ವಿಷಯದಲ್ಲಿಯೂ ಪ್ರಶ್ನೆಗಳು ಇವೇ. ಆದರೆ ಸೇನೆಯ ವೆಚ್ಚದ ಮಾತು ಬಂದಾಗ ಇವನ್ನು ಕೇಳಲು ನಾವು ಹಿಂಜರಿಯುತ್ತೇವೆ. ದೇಶದ ರಕ್ಷಣೆಯ ಪ್ರಶ್ನೆಯಲ್ಲಿ ಲೆಕ್ಕವೇಕೆ ಎಂಬ ಭಾವನೆ ಸಹಜವಾದದ್ದೇ. ಆದರೂ ಮೊದಲನೆಯ ಮತ್ತು ಎರಡನೆಯ ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ, ಅಂದರೆ 1919ರಿಂದ 1939ರವರೆಗೆ, ಸೇನಾ ವೆಚ್ಚ ಮತ್ತು ನಿರುದ್ಯೋಗ ಎಂಬೆರಡು ಬಾಬುಗಳು ಒಂದೇ ಖಜಾನೆಯ ಮುಂದೆ ಎದುರುಬದುರಾಗಿ ನಿಂತಿದ್ದವು. ಆ ಕಾಲದ ಅನುಭವ ಇಂಗ್ಲೆಂಡಿಗಷ್ಟೇ ಸೇರಿದ್ದಲ್ಲ. ಕೊಳ್ಳೇಗಾಲ, ಹನೂರು ಮತ್ತು ಯಳಂದೂರಿನ ವರ್ತಕರೂ ನೇಕಾರರೂ ಅದರಲ್ಲಿ ತಮಗರಿವಿಲ್ಲದೆಯೇ ಪಾಲುಗೊಂಡಿದ್ದರು.

ಒಂದು ಎಲ್ಲೆ, ಎರಡು ಖಜಾನೆ

ಇಂದು ನಮ್ಮ ಮೂರೂ ತಾಲ್ಲೂಕುಗಳು ಚಾಮರಾಜನಗರ ಜಿಲ್ಲೆಯಲ್ಲಿವೆ. ಆಗ ಹೀಗಿರಲಿಲ್ಲ. ಕೊಳ್ಳೇಗಾಲ ತಾಲ್ಲೂಕು, ಅದರೊಳಗೇ ಇದ್ದ ಹನೂರು ಸೇರಿದಂತೆ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗಲಷ್ಟೇ ಅದು ಮೈಸೂರು ರಾಜ್ಯಕ್ಕೆ ಬಂದಿತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಗಿತ್ತು.

ಕೊಳ್ಳೇಗಾಲದಿಂದ ಯಳಂದೂರಿಗೆ ಗಾಡಿ ಹೊಡೆದರೆ ಒಂದು ಹೊತ್ತಿನ ದಾರಿ. ಭಾಷೆ ಒಂದೇ, ಸಂತೆ ಒಂದೇ, ಬೀಗತನವೂ ಒಂದೇ. ಆದರೆ ಕೊಳ್ಳೇಗಾಲದ ವರ್ತಕನ ಆದಾಯ ತೆರಿಗೆ ದೆಹಲಿಯ ಖಜಾನೆಗೆ ಹೋಗುತ್ತಿತ್ತು. ಯಳಂದೂರಿನ ವರ್ತಕ ಮೈಸೂರು ಸರ್ಕಾರದ ಪ್ರಜೆಯಾಗಿದ್ದ. ಇಬ್ಬರ ಹಣದಲ್ಲಿಯೂ ಒಂದು ಪಾಲು ಬ್ರಿಟಿಷ್ ಸೇನೆಗೆ ಸಲ್ಲುತ್ತಿತ್ತು. ಆ ಪಾಲಿನ ಲೆಕ್ಕ ಕೇಳುವ ಅಧಿಕಾರ ಮಾತ್ರ ಇಬ್ಬರಿಗೂ ಇರಲಿಲ್ಲ.

ಬ್ರಿಟನ್ನಿನಲ್ಲಿ ಲೆಕ್ಕ ಕೇಳಿದ ಬಗೆ

ಮೊದಲು ಬ್ರಿಟನ್ನಿನ ಪದ್ಧತಿಯನ್ನು ನೋಡೋಣ. ಅಲ್ಲಿ ಸೇನೆ ಹಾಗೂ ನೌಕಾಪಡೆಯ ಅಂದಾಜುಗಳು ಪ್ರತಿವರ್ಷವೂ ಕಾಮನ್ಸ್ ಸಭೆಯ ಮತಕ್ಕೆ ಬರುತ್ತಿದ್ದವು. 1861ರಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ, 1866ರ ಕಾಯಿದೆಯಿಂದ ಸರ್ಕಾರಕ್ಕೆ ಅಧೀನರಲ್ಲದ ಮಹಾಲೇಖಪರಿಶೋಧಕರ ಹುದ್ದೆಯೂ ಸ್ಥಾಪಿತವಾಗಿದ್ದವು. ಹೀಗೆ ಖರ್ಚಿಗೆ ಮೊದಲು ಮತ, ಖರ್ಚಿನ ನಂತರ ತಪಾಸಣೆ ಎಂಬ ಎರಡು ಬಾಗಿಲುಗಳೂ ಇದ್ದವು.

ಯುದ್ಧ ಮುಗಿದೊಡನೆ ಖರ್ಚನ್ನು ಇಳಿಸಬೇಕೆಂಬ ಒತ್ತಾಯ ಹುಟ್ಟಿತು. ಮುಂದಿನ ಹತ್ತು ವರ್ಷ ದೊಡ್ಡ ಯುದ್ಧ ಬಾರದೆಂಬ ಊಹೆಯ ಮೇಲೆ ಸೇನೆಯ ಅಂದಾಜುಗಳನ್ನು ಸಿದ್ಧಪಡಿಸಬೇಕೆಂದು 1919ರ ಆಗಸ್ಟ್‌ನಲ್ಲಿ ಮಂತ್ರಿಮಂಡಲವು ತೀರ್ಮಾನಿಸಿತು. 'ಹತ್ತು ವರ್ಷದ ನಿಯಮ'ವೆಂದು ಹೆಸರಾದ ಈ ತೀರ್ಮಾನವನ್ನು 1928ರಲ್ಲಿ ಆರ್ಥಿಕ ಸಚಿವರಾಗಿದ್ದ ಚರ್ಚಿಲ್ ಅವರು ಪ್ರತಿದಿನವೂ ಹೊಸದಾಗಿ ಆರಂಭವಾಗುವಂತೆ ವಿಸ್ತರಿಸಿದರು. ಉದ್ಯಮಿ ಹಿನ್ನೆಲೆಯ ಸರ್ ಎರಿಕ್ ಗೆಡ್ಡೆಸ್ ಅವರ ಸಮಿತಿಯು 1922ರಲ್ಲಿ ಎಲ್ಲ ಇಲಾಖೆಗಳ ಮೇಲೂ ಕಡಿತದ ಕೊಡಲಿಯನ್ನು ಬೀಸಿತು. 1932–33ರ ಹೊತ್ತಿಗೆ ಮೂರೂ ಪಡೆಗಳ ಒಟ್ಟು ವೆಚ್ಚ ಸುಮಾರು 10.3 ಕೋಟಿ ಪೌಂಡಿಗೆ ಇಳಿದಿತ್ತು.

ಇತ್ತ ನಿರುದ್ಯೋಗ ಬೆಳೆಯುತ್ತಿತ್ತು. 1911ರಲ್ಲಿ ಕೆಲವೇ ಕೈಗಾರಿಕೆಗಳಿಗೆ ಆರಂಭವಾದ ನಿರುದ್ಯೋಗ ವಿಮೆ 1920ರಲ್ಲಿ ಬಹುಪಾಲು ಕಾರ್ಮಿಕರಿಗೆ ವಿಸ್ತರಿಸಿತ್ತು. ವಿಮೆಯಿದ್ದುದರಿಂದ ಎಣಿಕೆಯೂ ಇತ್ತು. ಕೆಲಸವಿಲ್ಲದವರು ಎಷ್ಟು ಜನ ಎಂಬುದು ಪ್ರತಿ ತಿಂಗಳೂ ಪ್ರಕಟವಾಗುತ್ತಿತ್ತು. 1933ರ ಜನವರಿಯಲ್ಲಿ ಆ ಸಂಖ್ಯೆ 30 ಲಕ್ಷದ ಸಮೀಪಕ್ಕೆ ಏರಿತು.

1931ರಲ್ಲಿ ಸರ್ ಜಾರ್ಜ್ ಮೇ ಅವರ ಸಮಿತಿಯು ಆಯವ್ಯಯದಲ್ಲಿ 12 ಕೋಟಿ ಪೌಂಡ್ ಕೊರತೆಯಾಗುವುದೆಂದು ಹೇಳಿ, ಸುಮಾರು 9.65 ಕೋಟಿ ಪೌಂಡಿನ ಉಳಿತಾಯವನ್ನು ಶಿಫಾರಸು ಮಾಡಿತು. ಅದರಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ನಿರುದ್ಯೋಗಿಗಳ ಭತ್ಯೆಯ ಬಾಬಿನಿಂದಲೇ ಬರಬೇಕಾಗಿತ್ತು. ಭತ್ಯೆಯಲ್ಲಿ ಶೇಕಡ 10 ಕಡಿತ ಮಾಡುವ ಪ್ರಶ್ನೆಯಲ್ಲಿ ರಾಮ್ಸೆ ಮ್ಯಾಕ್ಡೊನಾಲ್ಡ್ ಅವರ ಲೇಬರ್ ಮಂತ್ರಿಮಂಡಲ ಒಡೆದು ಬಿದ್ದಿತು. ನಂತರ ಬಂದ ರಾಷ್ಟ್ರೀಯ ಸರ್ಕಾರ ಭತ್ಯೆಯನ್ನೂ ಕಡಿಮೆ ಮಾಡಿತು, ನಾವಿಕರ ಸಂಬಳವನ್ನೂ ಕಡಿಮೆ ಮಾಡಿತು. 1931ರ ಸೆಪ್ಟೆಂಬರ್‌ನಲ್ಲಿ ಇನ್ವರ್‌ಗಾರ್ಡನ್‌ನಲ್ಲಿ ನಾವಿಕರು ಕೆಲಸಕ್ಕೆ ನಿರಾಕರಿಸಿದರು.

ಎರಡು ಬಾಬುಗಳ ಸಂಬಂಧ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಜ್ಯಾರೋ ಪಟ್ಟಣದಲ್ಲಿ. ಅಲ್ಲಿಯ ಪಾಮರ್ ಹಡಗು ಕಟ್ಟೆಯಲ್ಲಿ ಯುದ್ಧನೌಕೆಗಳು ನಿರ್ಮಾಣವಾಗುತ್ತಿದ್ದವು. ಬೇಡಿಕೆ ನಿಂತು ಕಟ್ಟೆ ಮುಚ್ಚಿದ ಮೇಲೆ ಊರಿನ ದುಡಿಯುವ ಹತ್ತು ಜನರಲ್ಲಿ ಏಳು ಜನ ಕೆಲಸವಿಲ್ಲದವರಾದರು. 1936ರ ಅಕ್ಟೋಬರ್‌ನಲ್ಲಿ ಸುಮಾರು 200 ಜನ, ಹನ್ನೊಂದು ಸಾವಿರಕ್ಕೂ ಮಿಕ್ಕಿದ ರುಜುಗಳಿದ್ದ ಮನವಿಯನ್ನು ಹೊತ್ತು ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೋದರು. ಅವರ ಶಾಸಕಿ ಎಲೆನ್ ವಿಲ್ಕಿನ್ಸನ್ ಅವರು ಆ ಮನವಿಯನ್ನು ಕಾಮನ್ಸ್ ಸಭೆಯ ಮುಂದಿಟ್ಟರು.

ಜರ್ಮನಿಯ ಭಯದಿಂದ ಸರ್ಕಾರ ಮತ್ತೆ ಶಸ್ತ್ರಾಸ್ತ್ರಗಳತ್ತ ತಿರುಗಿದಾಗ, ಹಣ ಎಲ್ಲಿಂದ ಎಂಬ ಪ್ರಶ್ನೆ ಬಂದಿತು. 1937ರ ರಕ್ಷಣಾ ಸಾಲ ಕಾಯಿದೆಯ ಮೂಲಕ ಐದು ವರ್ಷಗಳಲ್ಲಿ 40 ಕೋಟಿ ಪೌಂಡಿನವರೆಗೆ ಸಾಲವೆತ್ತಲು ಅನುಮತಿ ಪಡೆಯಲಾಯಿತು. ಅದೇ ವರ್ಷ ನೆವಿಲ್ ಚೇಂಬರ್ಲೇನ್ ಅವರು ವ್ಯಾಪಾರದ ಲಾಭ ಬೆಳೆದ ಪ್ರಮಾಣಕ್ಕನುಗುಣವಾಗಿ 'ರಾಷ್ಟ್ರ ರಕ್ಷಣಾ ವಂತಿಗೆ'ಯನ್ನು ವಿಧಿಸಲು ಹೊರಟರು. ಮಾಂದ್ಯದಿಂದ ಈಗತಾನೆ ಚೇತರಿಸಿಕೊಳ್ಳುತ್ತಿದ್ದ ಸಂಸ್ಥೆಗಳಿಗೇ ಇದರ ಹೊರೆ ಹೆಚ್ಚಾಗುವುದೆಂದು ವಾಣಿಜ್ಯ ವಲಯ ಬಲವಾಗಿ ಆಕ್ಷೇಪಿಸಿತು. ಕೊನೆಗೆ ಆ ಯೋಜನೆಯನ್ನು ಕೈಬಿಟ್ಟು, ಕಂಪನಿಗಳ ಲಾಭದ ಮೇಲೆ ಶೇಕಡ 5ರ ಸರಳ ತೆರಿಗೆಯನ್ನು ಹಾಕಲಾಯಿತು. ವರ್ತಕರು ಇಲ್ಲಿ ರಕ್ಷಣೆಯನ್ನು ವಿರೋಧಿಸಲಿಲ್ಲ. ಹೊರೆ ಹಂಚುವ ರೀತಿಯನ್ನು ಪ್ರಶ್ನಿಸಿದರು, ಸರ್ಕಾರ ಕೇಳಿಸಿಕೊಳ್ಳಬೇಕಾಯಿತು.

ಬ್ರಿಟನ್ನಿನ ತೀರ್ಮಾನಗಳೆಲ್ಲ ಸರಿಯಾಗಿದ್ದವೆಂದು ಯಾರೂ ಹೇಳಲಾರರು. ಹತ್ತು ವರ್ಷದ ನಿಯಮ ದೇಶವನ್ನು ಸಿದ್ಧತೆಯಿಲ್ಲದ ಸ್ಥಿತಿಗೆ ತಂದಿತೆಂಬ ಟೀಕೆ ಇಂದಿಗೂ ಇದೆ. ಆದರೆ ತಪ್ಪು ಮಾಡಿದವರನ್ನು ನಿಲ್ಲಿಸಿ ಕೇಳಲು ಒಂದು ಸ್ಥಳವಿತ್ತು.

ದೆಹಲಿಯಲ್ಲಿ ಮತಕ್ಕೆ ಬಾರದ ವೆಚ್ಚ

ಅದೇ ಬ್ರಿಟಿಷ್ ಪಾರ್ಲಿಮೆಂಟು ಭಾರತಕ್ಕಾಗಿ ಮಾಡಿದ 1919ರ ಕಾಯಿದೆಯಲ್ಲಿ ಈ ಸ್ಥಳವನ್ನು ಇಡಲಿಲ್ಲ. ಕೇಂದ್ರ ಶಾಸನ ಸಭೆಗೆ ಚುನಾಯಿತ ಸದಸ್ಯರು ಬಂದರು. 1921ರಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಇತ್ತು. ಆದರೆ ರಕ್ಷಣಾ ವೆಚ್ಚವನ್ನು ಸಭೆಯ ಮತಕ್ಕೆ ಹಾಕುವಂತಿರಲಿಲ್ಲ. ಗವರ್ನರ್ ಜನರಲ್ ಅನುಮತಿ ಕೊಟ್ಟರೆ ಅದರ ಬಗ್ಗೆ ಮಾತನಾಡಬಹುದಾಗಿತ್ತು, ಒಂದು ರೂಪಾಯಿಯನ್ನೂ ಇಳಿಸಲಾಗುತ್ತಿರಲಿಲ್ಲ. ಸದಸ್ಯರು ಸೇನಾ ಇಲಾಖೆಯ ಕಚೇರಿ ವೆಚ್ಚದ ಸಣ್ಣ ಬೇಡಿಕೆಯೊಂದನ್ನು ಹಿಡಿದು, ಅದರ ಮೇಲೆ ಕಡಿತದ ಸೂಚನೆ ತಂದು ತಮ್ಮ ಅಸಮಾಧಾನವನ್ನು ಹೇಳುತ್ತಿದ್ದರು. ಗೋದಾಮಿನ ಲೆಕ್ಕ ಕೇಳಲು ಬಿಡದಿದ್ದಾಗ ಗುಮಾಸ್ತರ ಲೇಖನ ಸಾಮಗ್ರಿಯ ಲೆಕ್ಕವನ್ನು ಕೇಳಿದಂತೆ ಇದು.

ಕೇಂದ್ರ ಸರ್ಕಾರದ ವೆಚ್ಚದಲ್ಲಿ ಅತಿ ದೊಡ್ಡ ಬಾಬು ಸೇನೆಯದೇ. 1922–23ರಲ್ಲಿ ಲಾರ್ಡ್ ಇಂಚ್‌ಕೇಪ್ ಅವರ ಮಿತವ್ಯಯ ಸಮಿತಿಯು ಆ ಬಾಬನ್ನು 57.75 ಕೋಟಿ ರೂಪಾಯಿಗೆ ಇಳಿಸಬೇಕೆಂದೂ, ಕ್ರಮೇಣ 50 ಕೋಟಿಗೆ ತರಬೇಕೆಂದೂ ಸೂಚಿಸಿತು. ಅಂದರೆ ಖರ್ಚು ಹೆಚ್ಚಾಗಿದೆಯೆಂದು ಸರ್ಕಾರವೇ ನೇಮಿಸಿದ ಸಮಿತಿ ಒಪ್ಪಿತ್ತು. ಆದರೂ ಆ ವರ್ಷದ ಕೊರತೆಯನ್ನು ತುಂಬಲು ಆರಿಸಿಕೊಂಡ ದಾರಿ ಉಪ್ಪಿನ ತೆರಿಗೆ. ಮಣಕ್ಕೆ ಒಂದೂಕಾಲು ರೂಪಾಯಿಯಿದ್ದ ಸುಂಕವನ್ನು 1923ರಲ್ಲಿ ಎರಡೂವರೆ ರೂಪಾಯಿಗೆ ಏರಿಸುವ ಪ್ರಸ್ತಾಪವನ್ನು ಶಾಸನ ಸಭೆ ತಿರಸ್ಕರಿಸಿತು. ವೈಸರಾಯ್ ಲಾರ್ಡ್ ರೀಡಿಂಗ್ ಅವರು ತಮ್ಮ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು. ಮರುವರ್ಷ ಸುಂಕ ಹಳೆಯ ಮಟ್ಟಕ್ಕೆ ಇಳಿಯಿತು.

1931ರಲ್ಲಿ ಇದೇ ಕಥೆ ಮರುಕಳಿಸಿತು. ಆ ವರ್ಷದ ತುರ್ತು ಆಯವ್ಯಯದಲ್ಲಿ ತೆರಿಗೆಗಳ ಮೇಲೆ ಅಧಿಭಾರ ಹೇರಿ, ಆದಾಯ ತೆರಿಗೆಯ ವಿನಾಯಿತಿ ಮಿತಿಯನ್ನು ವರ್ಷಕ್ಕೆ 2,000 ರೂಪಾಯಿಯಿಂದ 1,000 ರೂಪಾಯಿಗೆ ಇಳಿಸಲಾಯಿತು. ಸಭೆ ಒಪ್ಪಲಿಲ್ಲ, ವೈಸರಾಯ್ ಅವರು ಮತ್ತೆ ವಿಶೇಷಾಧಿಕಾರವನ್ನು ಬಳಸಿದರು. ತಿಂಗಳಿಗೆ 83 ರೂಪಾಯಿಯಷ್ಟು ಆದಾಯವಿದ್ದ ಕೊಳ್ಳೇಗಾಲದ ಒಬ್ಬ ಬಟ್ಟೆ ವರ್ತಕ, ಧಾರಣೆ ಕುಸಿದಿದ್ದ ವರ್ಷದಲ್ಲಿಯೇ ಮೊದಲ ಬಾರಿ ಆದಾಯ ತೆರಿಗೆಯ ವ್ಯಾಪ್ತಿಗೆ ಬಂದ. ಅವನ ಪ್ರತಿನಿಧಿ ಬೇಡವೆಂದಿದ್ದರೂ ತೆರಿಗೆ ಬಂದಿತು. ಆ ತೆರಿಗೆ ಸೇರುವ ದೊಡ್ಡ ಬಾಬಿನ ಮೇಲೆ ಪ್ರತಿನಿಧಿಗೆ ಮತವೂ ಇರಲಿಲ್ಲ.

ಇದರ ಮೇಲೆ, ಭಾರತಕ್ಕೆ ಬರುವ ಬ್ರಿಟಿಷ್ ಸೈನಿಕರನ್ನು ಇಂಗ್ಲೆಂಡಿನಲ್ಲಿ ನೇಮಿಸಿ ತರಬೇತಿ ಕೊಟ್ಟ ವೆಚ್ಚವನ್ನೂ ತಲೆವಾರು ಲೆಕ್ಕದಲ್ಲಿ ಭಾರತವೇ ಕೊಡುತ್ತಿತ್ತು. ಈ ವಿವಾದವನ್ನು ಪರಿಶೀಲಿಸಿದ ಗ್ಯಾರನ್ ನ್ಯಾಯಮಂಡಳಿಯ ವರದಿಯ ನಂತರ, 1933ರಿಂದ ಬ್ರಿಟನ್ ಭಾರತದ ರಕ್ಷಣಾ ವೆಚ್ಚಕ್ಕೆ ವರ್ಷಕ್ಕೆ 15 ಲಕ್ಷ ಪೌಂಡ್ ಕೊಡಲು ಒಪ್ಪಿತು. ಸಾಮ್ರಾಜ್ಯದ ಕೆಲಸಕ್ಕೂ ಉಪಯೋಗವಾಗುವ ಸೇನೆಯ ಪೂರ್ಣ ಖರ್ಚನ್ನು ಭಾರತದ ವಹಿಯಲ್ಲಿ ಬರೆಯುತ್ತಿದ್ದುದು ಸರಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೈಸೂರಿನ ಪೊಗದಿ

ಎಲ್ಲೆಯ ಈಚೆಗಿದ್ದ ಯಳಂದೂರಿನ ಸ್ಥಿತಿ ಏನು? 1799ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ಬ್ರಿಟಿಷರ ಸೈನಿಕ ರಕ್ಷಣೆಗಾಗಿ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳನ್ನು, ಅಂದರೆ 24.5 ಲಕ್ಷ ರೂಪಾಯಿಗಳನ್ನು, ಪೊಗದಿಯಾಗಿ ಕೊಡಬೇಕಾಗಿತ್ತು. 1881ರಲ್ಲಿ ಅರಸರಿಗೆ ರಾಜ್ಯವನ್ನು ಮರಳಿಸುವಾಗ ಇದನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಹಾಕಲಾಯಿತು. ಭೀಕರ ಕ್ಷಾಮದಿಂದ ಸೊರಗಿದ್ದ ಸಂಸ್ಥಾನಕ್ಕೆ ಕೆಲಕಾಲ ಮುಂದೂಡಿಕೆ ದೊರೆತು, 1896ರಿಂದ ಪೂರ್ಣ ಮೊತ್ತ ಜಾರಿಗೆ ಬಂದಿತು. ಇದಲ್ಲದೆ ಸಂಸ್ಥಾನ ತನ್ನದೇ ಸೇನೆಯನ್ನೂ ಸಾಕುತ್ತಿತ್ತು. 1918ರ ಸೆಪ್ಟೆಂಬರ್‌ನಲ್ಲಿ ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು.

ಮೈಸೂರಿನ ಪ್ರಜೆ ಎರಡು ಬಾರಿ ಕೊಡುತ್ತಿದ್ದನೆಂಬುದು ಗಮನಾರ್ಹ. ಪೊಗದಿಯ ರೂಪದಲ್ಲಿ ಒಮ್ಮೆ. ಬಂದರುಗಳಲ್ಲಿ ಬ್ರಿಟಿಷ್ ಸರ್ಕಾರ ವಸೂಲು ಮಾಡುತ್ತಿದ್ದ ಆಮದು ಸುಂಕ ಹಾಗೂ ಉಪ್ಪಿನ ಸುಂಕದ ರೂಪದಲ್ಲಿ ಇನ್ನೊಮ್ಮೆ. ಯಳಂದೂರಿನ ಗೃಹಿಣಿ ಕೊಂಡ ಉಪ್ಪು ಕರಾವಳಿಯಿಂದ ಬಂದದ್ದು. ಅದರ ಸುಂಕ ಸೇರಿದ್ದು ದೆಹಲಿಗೆ.

ಮೈಸೂರಿನಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯೂ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಹುಟ್ಟಿದ್ದವು. 1923ರ ಸುಧಾರಣೆಗಳಿಂದ ನ್ಯಾಯವಿಧಾಯಕ ಸಭೆಗೆ ಆಯವ್ಯಯದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಬಂದಿತು. ಆದರೆ ಒಪ್ಪಂದದ ಬಾಧ್ಯತೆಯಾದ ಪೊಗದಿಯನ್ನು ಇಳಿಸುವುದು ಆ ಸಭೆಯ ಕೈಯಲ್ಲಿರಲಿಲ್ಲ. ಕಡೆಗೆ 1927ರಲ್ಲಿ ವೈಸರಾಯ್ ಲಾರ್ಡ್ ಇರ್ವಿನ್ ಅವರು ಮೈಸೂರಿಗೆ ಬಂದಾಗ 10.5 ಲಕ್ಷ ರೂಪಾಯಿಗಳ ಕಡಿತವನ್ನು ಘೋಷಿಸಿದರು. ಪೊಗದಿ ಹಳೆಯ 24.5 ಲಕ್ಷಕ್ಕೆ ಇಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ವರ್ಷ ಅದು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದರು. ಸಂಸ್ಥಾನಕ್ಕೆ ಅದು ದೊಡ್ಡ ಉಪಶಮನವೇ ಸರಿ. ಆದರೂ ಲೆಕ್ಕಿಗನ ದೃಷ್ಟಿಯಲ್ಲಿ ಒಂದು ಭೇದವಿದೆ. ಅದು ಸಭೆಯ ಮತದಿಂದ ಬಂದ ಹಕ್ಕಲ್ಲ, ಮೇಲಿನವರು ದಯಪಾಲಿಸಿದ ರಿಯಾಯಿತಿ. ರಿಯಾಯಿತಿಯನ್ನು ಕೊಟ್ಟವರು ಹಿಂತೆಗೆಯಬಹುದು. ಹಕ್ಕನ್ನು ಹಾಗೆ ಹಿಂತೆಗೆಯಲಾಗದು.

ಎಣಿಕೆಯಾಗದ ನಿರುದ್ಯೋಗ

ಇನ್ನು ನಿರುದ್ಯೋಗದ ಮಾತು. ಆ ಕಾಲದ ಮದರಾಸು ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಬೆಳೆಗೆ ಕೊಳ್ಳೇಗಾಲ ತಾಲ್ಲೂಕೇ ಮುಖ್ಯ ನೆಲೆ. ಬೆಳೆಗಾರ, ಗೂಡಿನ ವ್ಯಾಪಾರಿ, ಬಿಚ್ಚಾಣಿಕೆದಾರ, ಹುರಿ ಮಾಡುವವ, ಬಣ್ಣ ಹಾಕುವವ, ನೇಕಾರ, ಸೀರೆಯ ವರ್ತಕ ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುವ ಸರಪಳಿಯೇ ನಮ್ಮ ರೇಷ್ಮೆ ಉದ್ಯಮ. 1929ರ ನಂತರದ ಜಾಗತಿಕ ಮಾಂದ್ಯದಲ್ಲಿ ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆ ಬಂದರುಗಳಿಗೆ ಇಳಿಯಿತು. ಸ್ಥಳೀಯ ಕಚ್ಚಾ ರೇಷ್ಮೆಯ ಧಾರಣೆ ಕುಸಿದು, ಸರಪಳಿಯ ಪ್ರತಿಯೊಂದು ಕೊಂಡಿಯೂ ಸಡಿಲವಾಯಿತು.

ಉದ್ಯಮದ ಮೊರೆಯನ್ನು ಸುಂಕ ಮಂಡಳಿಯು ವಿಚಾರಣೆ ಮಾಡಿದ ಮೇಲೆ 1934ರಲ್ಲಿ ಆಮದು ರೇಷ್ಮೆಯ ಮೇಲೆ ರಕ್ಷಣಾ ಸುಂಕ ಬಂದಿತು. ಮಾಂದ್ಯ ಆರಂಭವಾಗಿ ಆಗಲೇ ನಾಲ್ಕೈದು ವರ್ಷ ಕಳೆದಿತ್ತು. ಈ ನಡುವೆ ಕೆಲಸ ಕಳೆದುಕೊಂಡವರು ಎಷ್ಟು ಮಂದಿ? ಇದಕ್ಕೆ ಉತ್ತರ ಕೊಡುವ ಲೆಕ್ಕವೇ ಇರಲಿಲ್ಲ. ಬ್ರಿಟನ್ನಿನಲ್ಲಿ ಕೆಲಸ ಹೋದವನು ಪ್ರತಿ ವಾರ ವಿನಿಮಯ ಕಚೇರಿಗೆ ಹೋಗಿ ರುಜು ಮಾಡುತ್ತಿದ್ದ. ಅವನು ಒಂದು ಅಂಕಿಯಾಗುತ್ತಿದ್ದ. ಮಗ್ಗ ನಿಂತ ಕೊಳ್ಳೇಗಾಲದ ನೇಕಾರ ಕೂಲಿಗೆ ಹೋದ, ಸಾಲ ಮಾಡಿದ, ಊರು ಬಿಟ್ಟ. ಅವನು ಯಾವ ಪುಸ್ತಕದಲ್ಲಿಯೂ ದಾಖಲಾಗಲಿಲ್ಲ.

ಲೆಕ್ಕಶಾಸ್ತ್ರದಲ್ಲಿ ನಾವು ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠವೇ ಇದು: ದಾಖಲಾಗದ ನಷ್ಟಕ್ಕೆ ಅವಕಾಶ ಕಲ್ಪಿಸಲು ಸಾಧ್ಯವಿಲ್ಲ. ಸೇನೆಯ ಬಾಬಿಗೆ ಕೋಟಿಗಳ ಅಂಕಿಯಿತ್ತು, ಆದರೆ ಅದರ ಮೇಲೆ ಮತವಿರಲಿಲ್ಲ. ನಿರುದ್ಯೋಗಕ್ಕೆ ಅಂಕಿಯೇ ಇರಲಿಲ್ಲ, ಆದುದರಿಂದ ಮತಕ್ಕೆ ಹಾಕುವ ಪ್ರಶ್ನೆಯೇ ಏಳಲಿಲ್ಲ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗುವ ತಕ್ಕಡಿಯೇ ಇಲ್ಲದಿದ್ದುದು ಆ ಕಾಲದ ನಿಜವಾದ ಕೊರತೆ.

ಕಡೆಗೆ ರೇಷ್ಮೆಗೆ ಬೇಡಿಕೆ ಮರಳಿದ್ದು ಎರಡನೆಯ ಮಹಾಯುದ್ಧದಲ್ಲಿ, ಪ್ಯಾರಾಚೂಟ್ ಬಟ್ಟೆಗಾಗಿ. ಯುದ್ಧ ಮುಗಿದೊಡನೆ ಆ ಬೇಡಿಕೆಯೂ ಇಳಿಯಿತು. ಸೇನೆಯ ಖರೀದಿಯಿಂದ ಉದ್ಯೋಗ ದೊರೆಯುವುದು ನಿಜ. ಅದನ್ನೇ ನಂಬಿದ ಊರು ಜ್ಯಾರೋ ಪಟ್ಟಣದಂತೆ ಒಂದು ದಿನ ಕಷ್ಟಕ್ಕೆ ಸಿಲುಕುವುದೂ ನಿಜ.

ಇಂದಿನ ವ್ಯವಸ್ಥೆ ಮತ್ತು ನಮ್ಮ ಕರ್ತವ್ಯ

1950ರ ಸಂವಿಧಾನವು ಹಳೆಯ ಬಾಗಿಲನ್ನು ತೆರೆಯಿತು. ಸಾಲದ ಬಡ್ಡಿಯಂಥ ಕೆಲವು ಬಾಬುಗಳು ಇಂದಿಗೂ ಸಂಚಿತ ನಿಧಿಯ ಮೇಲೆ ಪ್ರಭಾರಿತವಾಗಿದ್ದು ಮತಕ್ಕೆ ಬರುವುದಿಲ್ಲ. ಆದರೆ ರಕ್ಷಣಾ ಸಚಿವಾಲಯದ ಅನುದಾನ ಬೇಡಿಕೆಗಳು ಲೋಕಸಭೆಯ ಮತಕ್ಕೆ ಬರುತ್ತವೆ. ಖರ್ಚಾದ ಮೇಲೆ ನಿಯಂತ್ರಕರು ಮತ್ತು ಮಹಾಲೇಖಪರಿಶೋಧಕರ ವರದಿ ಸಂಸತ್ತಿನ ಮುಂದೆ ಬರುತ್ತದೆ. 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸುತ್ತದೆ. 1967ರಿಂದ ಆ ಸಮಿತಿಗೆ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯವಿದೆ. 2025–26ರ ಆಯವ್ಯಯದಲ್ಲಿ ರಕ್ಷಣೆಗೆ ಮೀಸಲಿಟ್ಟ ಮೊತ್ತ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸುಮಾರು 1.6 ಲಕ್ಷ ಕೋಟಿ ನಿವೃತ್ತಿ ವೇತನಕ್ಕೆ. ಈ ವಿವರಗಳನ್ನು ಯಾರು ಬೇಕಾದರೂ ಓದಬಹುದು.

ನಿರುದ್ಯೋಗದ ಎಣಿಕೆಯೂ ಸುಧಾರಿಸಿದೆ. 2017ರಿಂದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ನಡೆಯುತ್ತಿದ್ದು, 2025ರಿಂದ ಮಾಸಿಕ ಅಂಕಿಗಳೂ ಪ್ರಕಟವಾಗುತ್ತಿವೆ. ಆದರೆ ಅವು ಇಡೀ ದೇಶದ ಚಿತ್ರವನ್ನು ಕೊಡುವ ಅಂಕಿಗಳು. ಕೊಳ್ಳೇಗಾಲದಲ್ಲಿ ಈ ತಿಂಗಳು ಎಷ್ಟು ಮಗ್ಗಗಳು ನಿಂತಿವೆ, ಹನೂರಿನ ಎಷ್ಟು ಯುವಕರು ಕೆಲಸ ಅರಸಿ ಬೆಂಗಳೂರು, ತಿರುಪ್ಪೂರುಗಳಿಗೆ ಹೋದರು ಎಂಬುದನ್ನು ಅವು ಹೇಳಲಾರವು.

ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಒಳಗೆ ಹೋಗುವವರು ಇದ್ದಾರೆಂದು ಅರ್ಥವಲ್ಲ. ಕಾಲಾವಕಾಶ ಸಾಲದೆ ಎಷ್ಟೋ ಸಚಿವಾಲಯಗಳ ಬೇಡಿಕೆಗಳು ಚರ್ಚೆಯಿಲ್ಲದೆ ಒಟ್ಟಿಗೇ ಮತಕ್ಕೆ ಹಾಕಲ್ಪಟ್ಟು ಅಂಗೀಕಾರವಾಗುವುದುಂಟು. ಮತದ ಹಕ್ಕಿದ್ದೂ ಮಾತಿಲ್ಲದಿರುವುದು, 1920ರ ದಶಕದಲ್ಲಿ ಮಾತಿದ್ದೂ ಮತವಿಲ್ಲದಿದ್ದುದಕ್ಕಿಂತ ಎಷ್ಟು ಉತ್ತಮ ಎಂಬುದನ್ನು ನಾವೇ ಯೋಚಿಸಬೇಕು.

ಈ ಹಿನ್ನೆಲೆಯಲ್ಲಿ ಸದಸ್ಯ ಬಾಂಧವರಲ್ಲಿ ಎರಡು ವಿನಂತಿಗಳು. ಮೊದಲನೆಯದಾಗಿ, ಆಯವ್ಯಯ ಬಂದ ದಿನ ತೆರಿಗೆಯ ದರವನ್ನು ಮಾತ್ರ ನೋಡಿ ಕಾಗದವನ್ನು ಮಡಿಸಿಡದೆ, ವೆಚ್ಚದ ಬದಿಯನ್ನೂ ಓದಬೇಕು. ಜಮೆಯ ಬದಿಯನ್ನಷ್ಟೇ ನೋಡುವ ವರ್ತಕನನ್ನು ನಾವು ಜಾಣನೆನ್ನುವುದಿಲ್ಲವಷ್ಟೆ. ಎರಡನೆಯದಾಗಿ, ನಮ್ಮ ಊರಿನ ಉದ್ಯೋಗದ ಲೆಕ್ಕವನ್ನು ನಾವೇ ಇಡಬೇಕು. ಪ್ರತಿಯೊಬ್ಬ ಸದಸ್ಯನೂ ತನ್ನಲ್ಲಿ ದುಡಿಯುವವರ ಸಂಖ್ಯೆ, ನಿಂತ ಮಗ್ಗ ಅಥವಾ ಯಂತ್ರಗಳ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಕೊಟ್ಟರೆ, ಮುಂದಿನ ವರ್ಷದ ಆಯವ್ಯಯಪೂರ್ವ ಮನವಿಯಲ್ಲಿ ನಮ್ಮ ಮಾತಿಗೆ ಅಂಕಿಯ ಬಲ ಬರುತ್ತದೆ.

1931ರಲ್ಲಿ ತೆರಿಗೆ ಕಟ್ಟಿದ ಕೊಳ್ಳೇಗಾಲದ ವರ್ತಕನಿಗೆ ಕೇಳುವ ಹಕ್ಕಿರಲಿಲ್ಲ. ಅದೇ ವರ್ಷ ಮಗ್ಗ ನಿಲ್ಲಿಸಿದ ನೇಕಾರನ ಲೆಕ್ಕ ಇರಲಿಲ್ಲ. ಇಂದು ಹಕ್ಕಿದೆ; ಲೆಕ್ಕವನ್ನು ನಾವು ಬರೆದಿಡಬೇಕಾಗಿದೆ.